ಕುದುರೆಯ ಕಾಲು ಮತ್ತು ಕ್ಯಾಮರಾದ ಕಣ್ಣು

ನವೆಂಬರ್ ತಿಂಗಳು ಬಂದಿತೆಂದರೆ ಮುಂಬಯಿಯ ನಮ್ಮ ಸಂಘದವರಿಗೆ ರಾಜ್ಯೋತ್ಸವದ ಸಂಭ್ರಮ. ಬ್ಯಾಂಕಿನ ಗುಮಾಸ್ತನಾದ ನನಗೆ ಅದರ ಜತೆಗೆ ಪಿಂಚಣಿದಾರರ ಸಂತೆ. ತಾವು ಇನ್ನೂ ಬದುಕಿರುವೆವೆಂದು ಅವರು ವರ್ಷಕ್ಕೊಮ್ಮೆ ರುಜುವಾತು ಕೊಡಬೇಕಾದ ತಿಂಗಳು ಇದು. ಹಿಂದೆ ಕಾಗದದ ಮೇಲೆ ಸಹಿ ಹಾಕಿದರೆ ಮುಗಿಯುತ್ತಿತ್ತು. ಈಗ ಮೊಬೈಲಿನ ಮುಂದೆ ಮುಖವಿಟ್ಟು ಕುಳಿತರೂ ಆಗುತ್ತದೆ. ಅದರಲ್ಲಿ ಒಂದು ತಮಾಷೆಯುಂಟು. ಫೋಟೋ ಎಂದೊಡನೆ ಹಿರಿಯರು ತಮ್ಮ ಕಾಲದ ಸ್ಟುಡಿಯೋದ ಶಿಸ್ತನ್ನು ನೆನೆದು, ಉಸಿರು ಬಿಗಿಹಿಡಿದು, ಕಲ್ಲಿನಂತೆ ಕುಳಿತುಬಿಡುತ್ತಾರೆ. ಯಂತ್ರವೋ ಕಣ್ಣು ಮಿಟುಕಿಸೆನ್ನುತ್ತದೆ. ಕದಲದ ಮುಖವು ಜೀವಂತ ಮನುಷ್ಯನದೆಂದು ಅದಕ್ಕೆ ನಂಬಿಕೆ ಬಾರದು.

ನನ್ನ ಮೇಜಿನ ಇನ್ನೊಂದು ತುದಿಯಲ್ಲಿ ಇದಕ್ಕೆ ತದ್ವಿರುದ್ಧವಾದ ನಿಯಮ. ಹೊಸ ಖಾತೆಯ ಅರ್ಜಿಗೆ ಅಂಟಿಸಿದ ಪಾಸ್‌ಪೋರ್ಟ್ ಅಳತೆಯ ಚಿತ್ರ ತುಸು ಅಲುಗಿದ್ದರೂ ‘ಮಸುಕಾಗಿದೆ, ಬೇರೆ ತನ್ನಿ’ ಎಂದು ಹಿಂದಿರುಗಿಸಬೇಕು. ಹನ್ನೆರಡು ವರ್ಷಗಳಿಂದ ಹೀಗೆ ಹಿಂದಿರುಗಿಸುತ್ತ ಬಂದವನಿಗೆ ಈ ವರ್ಷ ಅದೇ ಮಾತು ತಿರುಗಿ ಬಂದಿತು. ಈ ಸಂಚಿಕೆಗಾಗಿ ಹಳೆಯ ಆಟಗಾರರ ಚಿತ್ರಗಳು ಬೇಕೆಂದು ಕೇಳಿದ್ದರು. ನಾನು ನನ್ನ ಅಪ್ಪಯ್ಯ ಕಬಡ್ಡಿ ಆಡುತ್ತಿರುವ ಒಂದು ಚಿತ್ರವನ್ನು ಕೊಂಡೊಯ್ದೆ. ಮಿತ್ರರೊಬ್ಬರು ಅದನ್ನು ಬೆಳಕಿಗೆ ಹಿಡಿದು, ಓರೆಯಾಗಿ ಹಿಡಿದು, ಕನ್ನಡಕ ಏರಿಸಿ ನೋಡಿ, “ಮುಖವೇ ಕಾಣುವುದಿಲ್ಲವಲ್ಲ ಮಾರಾಯರೇ, ಇದು ಅಚ್ಚಿಗೆ ಬಾರದು. ಇದರ ಬದಲು ಏನಾದರೂ ಬರೆದುಕೊಡಿ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಚಿತ್ರದಲ್ಲಿರುವುದು ಒಂದು ಬಿಳಿಯ ಚಡ್ಡಿ, ಮುಂದಕ್ಕೆ ಚಾಚಿದ ಹೊಗೆಯಂಥ ಒಂದು ಕೈ, ಮುಖವಿರಬೇಕಾದಲ್ಲಿ ಒಂದು ಬೂದು ಗೀಚು. ಆದರೂ ಮನೆಗೆ ಮರಳುವಾಗ, ಚಲಿಸುವ ವಸ್ತುವಿನ ಚಿತ್ರದಲ್ಲಿ ಕಾಣುವ ಈ ಮಸುಕಿಗೂ ಒಂದು ಚರಿತ್ರೆ ಇರಲೇಬೇಕೆಂದು ನನಗೆ ತೋರಿತು. ನಾನು ಬಿ.ಕಾಂ. ಮಾಡಿದವನು, ಕಲೆಯ ಚರಿತ್ರೆಯನ್ನು ಕಲಿತವನಲ್ಲ. ರಜೆಯ ದಿನಗಳಲ್ಲಿ ಓದಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪ್ಯಾರಿಸಿಗೆ ಹೋಗಬೇಕು. 1838ರಲ್ಲಿ ದಾಗೇರ್ ಎಂಬ ಫ್ರೆಂಚನು ತನ್ನ ಕಿಟಕಿಯಿಂದ ಕೆಳಗಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದನು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಬಿಂಬ ಮೂಡಲು ಆಗ ಹಲವು ನಿಮಿಷಗಳು ಹಿಡಿಯುತ್ತಿದ್ದವು. ಬೀದಿಯಲ್ಲಿ ಗಾಡಿಗಳು ಓಡುತ್ತಿದ್ದವು, ಜನ ನಡೆಯುತ್ತಿದ್ದರು. ಆದರೆ ಚಿತ್ರದಲ್ಲಿ ಬೀದಿ ಬರಿದೋ ಬರಿದು. ನಡೆದವರಾರೂ ತಗಡಿನ ಮೇಲೆ ಗುರುತು ಬಿಡುವಷ್ಟು ಹೊತ್ತು ಒಂದೆಡೆ ನಿಲ್ಲಲಿಲ್ಲ. ಉಳಿದವನು ಮೂಲೆಯಲ್ಲಿ ಬೂಟು ಉಜ್ಜಿಸಿಕೊಳ್ಳುತ್ತಿದ್ದ ಒಬ್ಬನೇ ಒಬ್ಬ. ಛಾಯಾಚಿತ್ರದೊಳಗೆ ಬಂದ ಮೊದಲ ಮನುಷ್ಯರಲ್ಲಿ ಅವನೊಬ್ಬನೆಂದು ಹೇಳುತ್ತಾರೆ. ತಂತಿ ಸಂದೇಶದ ಸಂಕೇತಗಳಿಂದ ನಮಗೆ ಪರಿಚಿತನಾದ ಮೋರ್ಸನು 1839ರಲ್ಲಿ ಪ್ಯಾರಿಸಿನಲ್ಲಿದ್ದು, ದಾಗೇರನ ಚಿತ್ರಗಳನ್ನು ನೋಡಿ ಊರಿಗೆ ಕಾಗದ ಬರೆದನು. ಅದರಲ್ಲಿ ಇಂಥದೇ ಒಬ್ಬ ಮನುಷ್ಯನ ಸುದ್ದಿ ಇದೆ. ಒಂದು ಕಾಲನ್ನು ಪೆಟ್ಟಿಗೆಯ ಮೇಲೂ ಇನ್ನೊಂದನ್ನು ನೆಲದ ಮೇಲೂ ಇಟ್ಟು ನಿಂತಿದ್ದರಿಂದ ಆತನ ಬೂಟುಗಳೂ ಕಾಲುಗಳೂ ಸ್ಪಷ್ಟವಾಗಿ ಬಂದಿದ್ದವು. ಮೈಯೂ ತಲೆಯೂ ಅಲುಗುತ್ತಿದ್ದುದರಿಂದ ಬರಲೇ ಇಲ್ಲ. ಈ ಕಾಗದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನನಗೆ ಮುಂದೆ ಇದರ ಕೆಲಸವಿದೆ.

ಹೀಗೆ ಕ್ಯಾಮರಾ ಹುಟ್ಟಿದಾಗ ಅದು ನಿಂತವರ ಯಂತ್ರವಾಗಿತ್ತು. ಸ್ಟುಡಿಯೋಗಳಲ್ಲಿ ಕುಳಿತವರ ಕುತ್ತಿಗೆಯ ಹಿಂದೆ ಕಬ್ಬಿಣದ ಕವೆಯೊಂದನ್ನು ಆನಿಸಿ ಇಡುತ್ತಿದ್ದರು. ಅಜ್ಜಂದಿರ ಹಳೆಯ ಚಿತ್ರಗಳಲ್ಲಿ ಎಲ್ಲರೂ ಪಂಚಾಯಿತಿಗೆ ಬಂದವರಂತೆ ಬಿಗಿದ ಮುಖದಲ್ಲಿ ಕುಳಿತಿರುವುದಕ್ಕೆ ಸ್ವಭಾವವೊಂದೇ ಕಾರಣವಲ್ಲ.

ಈ ಯಂತ್ರಕ್ಕೆ ಓಡುವುದನ್ನು ಹಿಡಿಯಲು ಕಲಿಸಿದ್ದು ಒಂದು ಕುದುರೆ. ಕುದುರೆ ನಾಗಾಲೋಟದಲ್ಲಿ ಓಡುವಾಗ ಅದರ ನಾಲ್ಕೂ ಕಾಲುಗಳು ಒಮ್ಮೆಗೇ ನೆಲ ಬಿಡುವುವೇ? ಸಾವಿರಾರು ವರ್ಷ ಕುದುರೆಯ ಬೆನ್ನ ಮೇಲೆಯೇ ರಾಜ್ಯಗಳನ್ನು ಕಟ್ಟಿ ಕೆಡವಿದ ಮನುಷ್ಯನಿಗೆ ಇದರ ಉತ್ತರ ಗೊತ್ತಿರಲಿಲ್ಲವೆಂಬುದು ವಿಚಿತ್ರವೇ ಸರಿ. ಕಣ್ಣು ಅಷ್ಟು ಬೇಗ ನೋಡಲಾರದು. ಚಿತ್ರಕಾರರು ತಮಗೆ ತೋಚಿದ ಉತ್ತರವನ್ನು ಬರೆದುಬಿಟ್ಟಿದ್ದರು. ಜೆರಿಕೊ ಎಂಬ ಫ್ರೆಂಚ್ ಚಿತ್ರಕಾರನು 1821ರಲ್ಲಿ ಇಂಗ್ಲೆಂಡಿನ ಎಪ್ಸಮ್ ರೇಸಿನ ಚಿತ್ರವನ್ನು ಬರೆದನು. ಅದರ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಪೂರಾ ಚಾಚಿಕೊಂಡು, ಹೊಟ್ಟೆಯಡಿಯಲ್ಲಿ ಗಾಳಿಯೊಂದನ್ನೇ ಇಟ್ಟುಕೊಂಡು ತೇಲುತ್ತವೆ. ಮಕ್ಕಳ ತೂಗುವ ಮರದ ಕುದುರೆಯ ಕಾಲುಗಳೂ ಹಾಗೆಯೇ.

ಕ್ಯಾಲಿಫೋರ್ನಿಯಾದಲ್ಲಿ ಲೀಲಂಡ್ ಸ್ಟ್ಯಾನ್‌ಫೋರ್ಡ್ ಎಂಬ ಸಿರಿವಂತನಿದ್ದನು. ರೈಲ್ವೆಯಲ್ಲಿ ಹಣ ಮಾಡಿ, ಆ ಪ್ರಾಂತದ ಗವರ್ನರನೂ ಆಗಿದ್ದವನು. ಮುಂದೆ ಮಗನ ಹೆಸರಿನಲ್ಲಿ ವಿಶ್ವವಿದ್ಯಾಲಯವನ್ನು ಕಟ್ಟಿಸಿದವನೂ ಆತನೇ. ಅವನಿಗೆ ಕುದುರೆಗಳ ಹುಚ್ಚು. ಅವನು ಇಪ್ಪತ್ತೈದು ಸಾವಿರ ಡಾಲರು ಪಂದ್ಯ ಕಟ್ಟಿದ್ದನೆಂಬ ಕಥೆ ಎಲ್ಲೆಡೆ ಪ್ರಚಲಿತವಾಗಿದೆ. ಆದರೆ ಅದಕ್ಕೆ ಆಧಾರವಿಲ್ಲವೆಂದು ಚರಿತ್ರಕಾರರ ಅಭಿಪ್ರಾಯ. ರಸೀದಿಯಿಲ್ಲದ ಲೆಕ್ಕವನ್ನು ನಾನೂ ಒಪ್ಪುವವನಲ್ಲ. ಪಂದ್ಯವಿರಲಿ ಬಿಡಲಿ, 1872ರ ಹೊತ್ತಿಗೆ ಅವನು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನನ್ನು ಕರೆಸಿ, ತನ್ನ ಆಕ್ಸಿಡೆಂಟ್ ಎಂಬ ಕುದುರೆ ಓಡುವಾಗ ಚಿತ್ರ ತೆಗೆಯೆಂದನು. (ಇದು ಅಪಘಾತವಲ್ಲ, ಆ ಪದಕ್ಕೆ ಪಡುವಣ ದಿಕ್ಕೆಂದು ಅರ್ಥ.) ಮೊದಲ ಯತ್ನಗಳಲ್ಲಿ ಸಿಕ್ಕಿದ್ದು ನೆರಳಿನಂಥ ಮಸುಕು ಚಿತ್ರಗಳು. ಅವು ಇಂದು ಉಳಿದೂ ಇಲ್ಲ.

ಮೈಬ್ರಿಜನದು ಸರಳವಾದ ಬಾಳಲ್ಲ. 1830ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋಗಿ, ಹೆಸರಿನ ಕಾಗುಣಿತವನ್ನು ಹಲವು ಬಾರಿ ಬದಲಿಸಿಕೊಂಡವನು. 1874ರಲ್ಲಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದನು. ಮರುವರ್ಷ ಪಂಚರು ಅವನನ್ನು ಬಿಡುಗಡೆ ಮಾಡಿದರು. ಕುದುರೆಯ ಕೆಲಸ ನಡುವೆ ನಿಂತುಹೋಗಿತ್ತು. ಮತ್ತೆ ಕೈಗೆತ್ತಿಕೊಂಡು ಅವನು ಗೆದ್ದುದು 1878ರ ಜೂನ್ ತಿಂಗಳಲ್ಲಿ, ಪಾಲೊ ಆಲ್ಟೊ ಎಂಬಲ್ಲಿದ್ದ ಸ್ಟ್ಯಾನ್‌ಫೋರ್ಡನ ಕುದುರೆ ಫಾರ್ಮಿನಲ್ಲಿ.

ಆ ಏರ್ಪಾಟನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಓಟದ ದಾರಿಯ ಒಂದು ಬದಿಗೆ ಸಾಲಾಗಿ ಹನ್ನೆರಡು ಕ್ಯಾಮರಾಗಳು. ಎದುರು ಬದಿಗೆ ಬಿಳಿಯ ಬಟ್ಟೆಯ ಗೋಡೆ. ನೆಲವೂ ಬೆಳ್ಳಗೆ, ಬಿಸಿಲೆಲ್ಲ ಪ್ರತಿಫಲಿಸಿ ಕುದುರೆಯ ಕಪ್ಪು ಆಕಾರ ಎದ್ದು ಕಾಣುವಂತೆ. ದಾರಿಗೆ ಅಡ್ಡಲಾಗಿ ಹನ್ನೆರಡು ದಾರಗಳು. ಕುದುರೆಯ ಎದೆ ಒಂದೊಂದೇ ದಾರವನ್ನು ಕಡಿಯುತ್ತ ಹೋದಂತೆ ಆಯಾ ಕ್ಯಾಮರಾದ ಶಟರನ್ನು ವಿದ್ಯುತ್ತು ಬಿಡಿಸುತ್ತಿತ್ತು. ಅಂದರೆ ಕುದುರೆ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಿತು. ಜೂನ್ 19ರಂದು ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣು ಕುದುರೆ ಸವಾರನೊಡನೆ ಹೀಗೆ ಓಡಿತು. ಚಿತ್ರಗಳ ನಡುವಿನ ಅಂತರ ಇಪ್ಪತ್ತೇಳು ಅಂಗುಲ, ಕಾಲ ಸುಮಾರು ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು, ಒಂದೊಂದು ಚಿತ್ರಕ್ಕೆ ಬೆಳಕು ಬಿದ್ದುದು ಎರಡು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಎಂದು ಮೈಬ್ರಿಜನು ತನ್ನ ಚಿತ್ರದ ಕಾರ್ಡಿನ ಮೇಲೆ ಅಚ್ಚು ಹಾಕಿಸಿದನು. ನಾನು ಕಾಗದ ತೆಗೆದುಕೊಂಡು ಗುಣಿಸಿ ನೋಡಿದೆ: ಗಂಟೆಗೆ ಅರವತ್ತು ಕಿಲೋಮೀಟರಿನ ಆಸುಪಾಸು ಬರುತ್ತದೆ. ರೇಸಿನ ಕುದುರೆಗೆ ತಕ್ಕ ವೇಗವೇ. ನೂರನಲವತ್ತು ವರ್ಷಕ್ಕೂ ಹಿಂದಿನ ಲೆಕ್ಕ ಮುಂಬಯಿಯ ಒಂದು ಅಡುಗೆಮನೆಯ ಮೇಜಿನ ಮೇಲೆ ಸರಿಹೊಂದಿದಾಗ ಆದ ಸಂತೋಷವನ್ನು ಲೆಕ್ಕ ಬಲ್ಲವರೇ ಬಲ್ಲರು.

ಚಿತ್ರಗಳು ಕೊಟ್ಟ ಉತ್ತರ ಏನು? ಹೌದು, ನಾಲ್ಕೂ ಕಾಲುಗಳು ನೆಲ ಬಿಡುತ್ತವೆ. ಆದರೆ ಚಿತ್ರಕಾರರು ಬರೆದ ಗಳಿಗೆಯಲ್ಲಿ ಅಲ್ಲ. ಕಾಲುಗಳು ಚಾಚಿದಾಗ ಒಂದಾದರೂ ಗೊರಸು ನೆಲ ಮುಟ್ಟಿಯೇ ಇರುತ್ತದೆ. ನಾಲ್ಕನ್ನೂ ಹೊಟ್ಟೆಯಡಿಗೆ, ಗಂಟು ಕಟ್ಟಿದಂತೆ ಮಡಿಚಿಕೊಂಡಾಗ ಮಾತ್ರ ಕುದುರೆ ಗಾಳಿಯಲ್ಲಿರುತ್ತದೆ. ನೋಡಲು ಅದು ಅಂದವಾದ ಭಂಗಿಯೇನೂ ಅಲ್ಲ. ಎಡವಿ ಬಿದ್ದ ಜೇಡನನ್ನು ನೆನಪಿಗೆ ತರುತ್ತದೆ. ಕುದುರೆಗಳನ್ನು ಬರೆಯುವುದರಲ್ಲಿ ಹೆಸರುವಾಸಿಯಾಗಿದ್ದ ಮೆಸ್ಸೊನಿಯೆ ಎಂಬ ಪ್ಯಾರಿಸಿನ ಹಿರಿಯ ಚಿತ್ರಕಾರನು ಮೊದಲು ಬೆಚ್ಚಿದನು. ಕೊನೆಗೆ ಒಪ್ಪಿ, 1881ರಲ್ಲಿ ಮೈಬ್ರಿಜನನ್ನು ತನ್ನ ಮನೆಗೇ ಕರೆಸಿ ಗೆಳೆಯರಿಗೆಲ್ಲ ಈ ಚಿತ್ರಗಳನ್ನು ತೋರಿಸಿದನು.

ಸ್ಟ್ಯಾನ್‌ಫೋರ್ಡನು ಈ ಕೆಲಸದ ಪುಸ್ತಕವನ್ನು 1882ರಲ್ಲಿ ಬೇರೊಬ್ಬ ವೈದ್ಯನಿಂದ ಬರೆಯಿಸಿ ಪ್ರಕಟಿಸಿದನು. ಅದರ ಮುಖಪುಟದಲ್ಲಿ ಮೈಬ್ರಿಜನ ಹೆಸರಿರಲಿಲ್ಲ. ಅದನ್ನು ಕಂಡ ಲಂಡನ್ನಿನ ರಾಯಲ್ ಸೊಸೈಟಿಯವರು, ಕೆಲಸ ಇವನದೇ ಹೌದೋ ಅಲ್ಲವೋ ಎಂದು ಸಂಶಯಪಟ್ಟು, ಅವನ ಲೇಖನವನ್ನು ಪ್ರಕಟಿಸುವ ಮಾತನ್ನು ಹಿಂತೆಗೆದುಕೊಂಡರು. ಅವನು ಹೂಡಿದ ದಾವೆಯೂ ಬಿದ್ದುಹೋಯಿತು. ದುಡಿದವನ ಹೆಸರು ಒಳಪುಟಕ್ಕೂ ಹಣ ಹಾಕಿದವನ ಹೆಸರು ಹೊರಪುಟಕ್ಕೂ ಹೋಗುವುದು ಹೊಸತಲ್ಲ. ಆದರೆ ಮೈಬ್ರಿಜನು ಕುಗ್ಗಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಓಡುವ, ಕುಸ್ತಿಯಾಡುವ, ಚೆಂಡೆಸೆಯುವ, ಮೆಟ್ಟಿಲಿಳಿಯುವ ಮನುಷ್ಯರನ್ನೂ ನಾನಾ ಪ್ರಾಣಿಗಳನ್ನೂ ಚಿತ್ರಿಸಿ 1887ರಲ್ಲಿ 781 ಹಾಳೆಗಳನ್ನು ಹೊರತಂದನು. ಇಂದಿನ ಕ್ರಿಕೆಟ್ ತರಬೇತುದಾರ ಬೌಲರನ ಕೈಯನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ತೋರಿಸುವಾಗ ನಡೆಸುತ್ತಿರುವುದು ಇದೇ ಅಂಗಡಿಯನ್ನು.

ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಮಾರೆ ಎಂಬ ಶರೀರವಿಜ್ಞಾನಿ ಇನ್ನೊಂದು ದಾರಿ ಹಿಡಿದಿದ್ದನು. ಮಾರೆಯೂ ಮೈಬ್ರಿಜನೂ ಹುಟ್ಟಿದ್ದು ಒಂದೇ ವರ್ಷ, ತೀರಿಕೊಂಡದ್ದೂ ಒಂದೇ ವರ್ಷ, 1904. ಮಾರೆ 1882ರಲ್ಲಿ ಬಂದೂಕಿನ ಆಕಾರದ ಒಂದು ಕ್ಯಾಮರಾ ಮಾಡಿದನು. ಹಾರುವ ಹಕ್ಕಿಗೆ ಗುರಿಯಿಟ್ಟು ಕುದುರೆ ಎಳೆದರೆ ಸೆಕೆಂಡಿಗೆ ಹನ್ನೆರಡು ಚಿತ್ರಗಳು. ಹಕ್ಕಿಗೆ ಏನೂ ಆಗದ ಬೇಟೆ! ಆಮೇಲೆ ಒಂದೇ ಫಲಕದ ಮೇಲೆ ಓಟಗಾರನ ಹೆಜ್ಜೆಹೆಜ್ಜೆಯನ್ನೂ ಒಂದರ ಪಕ್ಕದಲ್ಲೊಂದು ಮೂಡಿಸಿದನು. ಮೈ ಕಾಣದಿರಲೆಂದು ಓಟಗಾರನಿಗೆ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಗುಂಟ ಬಿಳಿಯ ಪಟ್ಟಿ ಹೊಲಿದನು. ಆ ಚಿತ್ರದಲ್ಲಿ ಮನುಷ್ಯನಿಲ್ಲ, ಬೀಸಣಿಗೆಯಂತೆ ಬಿಚ್ಚಿಕೊಂಡ ಗೆರೆಗಳಿವೆ, ಆದರೆ ಓಟವಿದೆ.

ಇಷ್ಟಾದ ಮೇಲೆ ಒಬ್ಬ ಹಿರಿಯನು ಎದ್ದುನಿಂತು, ಸುಳ್ಳು ಹೇಳುತ್ತಿರುವುದು ಕ್ಯಾಮರಾವೇ ಎಂದನು. ಅವನು ಶಿಲ್ಪಿ ರೋದ್ಯಾ. 1911ರಲ್ಲಿ ಪುಸ್ತಕವಾಗಿ ಬಂದ ಅವನ ಸಂಭಾಷಣೆಗಳಲ್ಲಿ ಜೆರಿಕೊವಿನ ಕುದುರೆಗಳ ಪರವಾಗಿ ಅವನ ವಾದವಿದೆ. ಕಾಲವೆಂಬುದು ಎಂದೂ ನಿಲ್ಲುವುದಿಲ್ಲ. ಫೋಟೋ ಅದನ್ನು ನಿಲ್ಲಿಸಿ ತೋರಿಸುವುದರಿಂದ ಅದರ ಕುದುರೆ ಓಡುವಂತೆ ಕಾಣದೆ ಕುಂಟಿದಂತೆ ಕಾಣುತ್ತದೆ. ಜೆರಿಕೊ ಹಿಂಗಾಲಿನ ಒದೆತವನ್ನೂ ಮುಂಗಾಲಿನ ನೆಗೆತವನ್ನೂ ಒಟ್ಟಿಗೆ ಬರೆದು ನೋಡುವ ಕಣ್ಣಿಗೆ ಓಟವನ್ನು ಕೊಟ್ಟನು ಎಂಬುದು ಅದರ ಸಾರ. ಬಹಳ ಕಾಲ ನಾನು ಇದನ್ನು ಸೋತವರ ಮಾತೆಂದುಕೊಂಡಿದ್ದೆ. ಈಗ ಅಷ್ಟು ಧೈರ್ಯದಿಂದ ಹೇಳಲಾರೆ.

ಅವನಿಗೆ ಉತ್ತರವೆಂಬಂತೆ ಒಂದು ಚಿತ್ರ ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಸಿದ್ಧವಾಯಿತು. ಆದರೆ ಯಾರೂ ನೋಡಲಿಲ್ಲ. ಝಾಕ್ ಆನ್ರಿ ಲಾರ್ತಿಗ್ ಎಂಬ ಉಳ್ಳವರ ಮನೆಯ ಹುಡುಗ, ಹತ್ತೊಂಬತ್ತರ ಆಸುಪಾಸಿನವನು, ಮೋಟಾರು ರೇಸಿಗೆ ಹೋಗಿ, ಎದುರು ಹಾಯುತ್ತಿದ್ದ ಕಾರಿನ ಜತೆಗೇ ತನ್ನ ಕ್ಯಾಮರಾವನ್ನೂ ತಿರುಗಿಸುತ್ತ ಗುಂಡಿ ಒತ್ತಿದನು. ಇದು 1912ರದೆಂದು ಬಹುಕಾಲ ಬರೆಯುತ್ತಿದ್ದರು. 1913ರದೆಂದು ಈಚೆಗೆ ತಿದ್ದಿದ್ದಾರೆ. ಕಾರಿನ ಮುಂಭಾಗ ಚೌಕಟ್ಟಿನಿಂದ ಆಚೆಗೆ ಹೋಗಿಬಿಟ್ಟಿದೆ. ಹಿಂದಿನ ಚಕ್ರ ಉರುಟಾಗಿಲ್ಲ, ಮೊಟ್ಟೆಯಾಕಾರವಾಗಿ ಮುಂದಕ್ಕೆ ಬಾಗಿದೆ. ದಾರಿಯ ಬದಿಯ ಜನವೂ ಕಂಬಗಳೂ ಬಿರುಗಾಳಿಗೆ ಸಿಕ್ಕಂತೆ ಹಿಂದಕ್ಕೆ ವಾಲಿದ್ದಾರೆ. ಲೆಕ್ಕದ ಪ್ರಕಾರ ಎಲ್ಲವೂ ತಪ್ಪು. ಚಿತ್ರ ಪೆಟ್ಟಿಗೆಯಲ್ಲಿಯೇ ಉಳಿಯಿತು. ಲಾರ್ತಿಗನ ಚಿತ್ರಗಳಿಗೆ ಜಗತ್ತಿನ ಗಮನ ಸಿಕ್ಕಿದ್ದು 1963ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿ. ಆಗ ಅವನಿಗೆ ಅರವತ್ತೊಂಬತ್ತು ವರ್ಷ. ವೇಗವೆಂದರೇನೆಂದು ಕೇಳಿದವರಿಗೆ ಇಂದಿಗೂ ಈ ಚಿತ್ರವನ್ನೇ ತೋರಿಸುತ್ತಾರೆ.

ಈ ವಾಲಿಕೆಯ ಗುಟ್ಟೇನು? ಅವನ ಕ್ಯಾಮರಾದ ಶಟರು ಒಂದು ಪರದೆ, ಅದರಲ್ಲೊಂದು ಸೀಳು. ಸೀಳು ಫಲಕದ ಮೇಲಿಂದ ಹಾದುಹೋಗುವಾಗ ಚಿತ್ರದ ಎಲ್ಲ ಭಾಗಕ್ಕೂ ಏಕಕಾಲಕ್ಕೆ ಬೆಳಕು ಬೀಳದೆ ಪಟ್ಟಿ ಪಟ್ಟಿಯಾಗಿ ಬೀಳುತ್ತದೆ. ಚಕ್ರದ ತಳವು ಬಿಂಬಕ್ಕಿಳಿದು ಮೇಲ್ಭಾಗದ ಸರದಿ ಬರುವಷ್ಟರಲ್ಲಿ ಕಾರು ತುಸು ಮುಂದೆ ಹೋಗಿರುತ್ತದೆ. ಇದು ನೂರು ವರ್ಷದ ಹಿಂದಿನ ಮಾತೆಂದು ತಿಳಿಯಬೇಡಿ. ನಮ್ಮ ಮೊಬೈಲಿನ ಕ್ಯಾಮರಾ ಕೂಡ ಚಿತ್ರವನ್ನು ಸಾಲು ಸಾಲಾಗಿಯೇ ಓದಿಕೊಳ್ಳುತ್ತದೆ. ನಾಳೆ ಲೋಕಲ್ ಗಾಡಿ ಭರದಿಂದ ಓಡುವಾಗ ಕಿಟಕಿಯ ಬಳಿ ಜಾಗ ಸಿಕ್ಕರೆ (ಸಿಕ್ಕರೆ!) ಹಳಿಯ ಪಕ್ಕದ ಕಂಬಗಳ ಚಿತ್ರ ತೆಗೆದು ನೋಡಿ. ನೆಟ್ಟಗಿದ್ದ ಕಂಬ ಓರೆಯಾಗಿ ಬಂದಿರುತ್ತದೆ.

ಇಲ್ಲಿ ನನ್ನ ವೃತ್ತಿಯ ಭಾಷೆಯಲ್ಲಿ ಒಂದು ಮಾತು ಹೇಳಲು ಅಪ್ಪಣೆ ಬೇಕು. ಸ್ಫುಟವಾದ ಚಿತ್ರವೆಂಬುದು ದಿನದ ಕೊನೆಯ ಶಿಲ್ಕಿನಂತೆ. ಒಂದು ಅಂಕಿ, ಅದರಲ್ಲಿ ಸಂಶಯವಿಲ್ಲ. ಆದರೆ ಆ ದಿನ ಎಷ್ಟು ಬಂತು, ಎಷ್ಟು ಹೋಯಿತು, ಯಾರು ಬಂದರು ಎಂಬುದನ್ನು ಶಿಲ್ಕು ಹೇಳಲಾರದು. ಮಸುಕಾದ ಚಿತ್ರ ಕಿರ್ದಿಯಂತೆ. ಶಟರು ತೆರೆದಿದ್ದಷ್ಟು ಹೊತ್ತೂ ನಡೆದ ವ್ಯವಹಾರವೆಲ್ಲ ಅದರಲ್ಲಿ ಒಂದರ ಮೇಲೊಂದು ಬರೆದಿರುತ್ತದೆ. ಓದುವುದು ಕಷ್ಟ ನಿಜ, ಬರೆಹವೇ ಇಲ್ಲವೆನ್ನಲಾಗದು.

ಆಟದ ತೀರ್ಪುಗಾರರಿಗಂತೂ ಶಿಲ್ಕೇ ಬೇಕು. ಅವರಿಗಾಗಿ ಹುಟ್ಟಿದ ಫೋಟೋ ಫಿನಿಷ್ ಕ್ಯಾಮರಾ ಬಹಳ ಸೋಜಿಗದ ಯಂತ್ರ. ಅದು ಮುಕ್ತಾಯದ ಗೆರೆಯ ನೇರಕ್ಕೆ ಒಂದೇ ಒಂದು ಸಣ್ಣ ಸೀಳನ್ನು ತೆರೆದಿಟ್ಟುಕೊಂಡು, ಹಿಂದಿನಿಂದ ಫಿಲ್ಮನ್ನು ಎಳೆಯುತ್ತ ಹೋಗುತ್ತಿತ್ತು. ಹೀಗೆ ಬಂದ ಚಿತ್ರ ಒಂದು ಗಳಿಗೆಯಲ್ಲಿ ಕಂಡ ಮೈದಾನವಲ್ಲ, ಒಂದು ಗೆರೆಯಲ್ಲಿ ಕಂಡ ಹಲವು ಗಳಿಗೆಗಳು. ಅದರಲ್ಲಿ ಎಡದಿಂದ ಬಲಕ್ಕಿರುವುದು ದೂರವಲ್ಲ, ಕಾಲ. ಆದುದರಿಂದಲೇ ಗೆರೆಯ ಮೇಲೆ ಊರಿ ನಿಂತ ಪಾದ ಅದರಲ್ಲಿ ಉದ್ದುದ್ದವಾಗಿ ಎಳೆದುಕೊಂಡಿರುತ್ತದೆ. 1984ರ ಆಗಸ್ಟ್ 8ರಂದು ಲಾಸ್ ಏಂಜಲಿಸಿನಲ್ಲಿ ನಮ್ಮ ಪಿ. ಟಿ. ಉಷಾ 400 ಮೀಟರ್ ಹರ್ಡಲ್ಸಿನಲ್ಲಿ ಕಂಚನ್ನು ಕಳೆದುಕೊಂಡದ್ದು ಇಂಥ ಚಿತ್ರದಿಂದಲೇ. ರುಮೇನಿಯಾದ ಕೊಜೊಕಾರು 55.41 ಸೆಕೆಂಡು, ಉಷಾ 55.42. ಬರಿಗಣ್ಣಿನ ಕಾಲದಲ್ಲಾಗಿದ್ದರೆ ಯಾರು ಏನು ಹೇಳುತ್ತಿದ್ದರೋ! 2024ರ ಪ್ಯಾರಿಸ್ ಒಲಿಂಪಿಕ್ಸಿನ ನೂರು ಮೀಟರ್ ಓಟದಲ್ಲಿ ಜಮೈಕಾದ ಥಾಮ್ಸನ್ನನ ಪಾದ ಅಮೆರಿಕದ ಲೈಲ್ಸನ ಪಾದಕ್ಕಿಂತ ಮುಂದಿತ್ತು. ಆದರೆ ನಿಯಮ ಎಣಿಸುವುದು ಎದೆಯನ್ನು. 9.784 ಮತ್ತು 9.789, ಚಿನ್ನ ಲೈಲ್ಸನಿಗೆ ಹೋಯಿತು.

ಇನ್ನೊಂದು ದಾರಿ ಮಿಂಚಿನದು. ಅಮೆರಿಕದ ಎಂ.ಐ.ಟಿ.ಯ ಇಂಜಿನಿಯರ್ ಹೆರಾಲ್ಡ್ ಎಜರ್ಟನ್ 1930ರ ದಶಕದಿಂದ ಕಣ್ಣೆವೆಯಿಕ್ಕುವುದಕ್ಕಿಂತ ಸಾವಿರ ಪಾಲು ಬೇಗ ಹೊಳೆದು ಆರುವ ದೀಪಗಳಿಂದ ಚಿತ್ರ ತೆಗೆದನು. ಗಾಲ್ಫ್ ಆಟಗಾರನ ಒಂದೇ ಹೊಡೆತ ಅವನ ಚಿತ್ರದಲ್ಲಿ ನವಿಲಿನಂತೆ ಗರಿ ಕೆದರುತ್ತದೆ. 1964ರಲ್ಲಿ ಸೇಬಿನೊಳಗಿಂದ ಹಾಯ್ದ ಗುಂಡನ್ನೂ ಹಿಡಿದನು. ಅಲ್ಲಿಗೆ ಮೈಬ್ರಿಜನ ಹಾದಿ ತುದಿ ಮುಟ್ಟಿತೆನ್ನಬಹುದು. ಮಸುಕೆಂಬುದು ಪೂರಾ ಸೋತಿತು.

ಸೋತದ್ದನ್ನು ಎತ್ತಿ ನಿಲ್ಲಿಸಿದವನು ವಿಯೆನ್ನಾದಲ್ಲಿ 1921ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎರ್ನ್ಸ್ಟ್ ಹಾಸ್. ಅವನು 1956ರಲ್ಲಿ ಸ್ಪೇನಿನ ಪಂಪ್ಲೋನಾಕ್ಕೆ ಹೋಗಿ ಗೂಳಿಕಾಳಗದ ಚಿತ್ರಗಳನ್ನು ಬಣ್ಣದಲ್ಲಿ ತೆಗೆದನು. ಅಂದಿನ ಬಣ್ಣದ ಕೊಡಾಕ್ರೋಮ್ ಫಿಲ್ಮು ಬಹಳ ಮಂದ. ಅದಕ್ಕೆ ಬೆಳಕು ಹೆಚ್ಚು ಹೊತ್ತು ಬೇಕು. ಆಟದ ಚಿತ್ರಕ್ಕೆ ಅದು ಒಲ್ಲದ ಫಿಲ್ಮೆಂದು ಬೇರೆಯವರು ದೂರವಿಟ್ಟಿದ್ದರು. ಹಾಸನು ಶಟರನ್ನು ನಿಧಾನವಾಗಿಯೇ ಬಿಟ್ಟು, ಓಡುವುದರ ಜತೆಗೆ ಕ್ಯಾಮರಾವನ್ನೂ ತೇಲಿಸಿದನು. ಗೂಳಿಯ ಕಪ್ಪು, ಬಟ್ಟೆಯ ಕೆಂಪು, ಮರಳಿನ ಹಳದಿ ಒಂದರೊಳಗೊಂದು ಹರಿದವು. ಲೈಫ್ ಪತ್ರಿಕೆ ಅವನ್ನು 1957ರಲ್ಲಿ ಅಚ್ಚು ಹಾಕಿತು. ಮರುವರ್ಷ ಆಟೋಟಗಳ ಚಲನೆಯನ್ನೇ ಕುರಿತ ಅವನ ಬಣ್ಣದ ಚಿತ್ರಗಳು ಬಂದವು. ಈಜುವವರು ಅಲ್ಲಿ ನೀರಾಗುತ್ತಾರೆ, ಓಡುವವರು ಗಾಳಿಯಾಗುತ್ತಾರೆ. ಅಂದಿನಿಂದ ಮಸುಕು ತಪ್ಪಲ್ಲ, ಬೇಕೆಂದು ಮಾಡುವ ಕೆಲಸ. ಇಂದು ಸೈಕಲ್ ಪಂದ್ಯದ, ಮೋಟಾರು ಪಂದ್ಯದ ಛಾಯಾಗ್ರಾಹಕರೆಲ್ಲ ಈ ವಿದ್ಯೆಯನ್ನು ಕಲಿತೇ ಇರುತ್ತಾರೆ.

ಕಲಿಯುವುದು ಸುಲಭವೆಂದು ಮಾತ್ರ ತಿಳಿಯಬಾರದು. ಹೋದ ಚಳಿಗಾಲದಲ್ಲಿ ರಜೆ ಹಾಕಿ ಊರ ಕಡೆಯ ಕಂಬಳಕ್ಕೆ ಹೋದಾಗ ನಾನೂ ಎರವಲು ಕ್ಯಾಮರಾ ಹಿಡಿದು ಗದ್ದೆಯ ಬದುವಿನಲ್ಲಿ ನಿಂತೆ. ಮೊದಲು ಎಲ್ಲರಂತೆ ಎರಡು ಸಾವಿರದಲ್ಲಿ ಒಂದು ಪಾಲಿಗೆ ಇಟ್ಟು ತೆಗೆದೆ. ಕೆಸರಿನ ಹನಿಹನಿಯೂ ಪೋಣಿಸಿಟ್ಟಂತೆ ಬಂತು. ಕೋಣಗಳು ಮಾತ್ರ ಕೆಸರಿನಲ್ಲಿ ಹೂತು ನಿಂತಂತೆ ಕಂಡವು. ಆಮೇಲೆ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಓಡಿಸುವವನ ಮುಂಡಾಸಿನ ಮೇಲೆ ಕಣ್ಣಿಟ್ಟು, ಸೊಂಟದಿಂದ ಮೈಯನ್ನು ತಿರುಗಿಸುತ್ತ ತೆಗೆದೆ. ಕೋಣಗಳಿಗಿಂತ ಬೇಗ ತಿರುಗಿದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಎಂಬತ್ತು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಮುಂಡಾಸು ಗಟ್ಟಿಯಾಗಿ ನಿಂತು, ಜನ, ತೆಂಗಿನ ಮರ, ನೀರು ಎಲ್ಲವೂ ಅಡ್ಡಡ್ಡ ಗೆರೆಗಳಾಗಿ ಹಿಂದಕ್ಕೆ ಹರಿದಿದ್ದವು. ಅದನ್ನು ನೋಡಿದಾಗ ಕೂಗು ಕೇಳಿಸುತ್ತದೆ. ಪಕ್ಕದಲ್ಲಿದ್ದ ಚಿಕ್ಕಪ್ಪ ಎಂಬತ್ತನ್ನೂ ನೋಡಿ, ಹನಿ ಪೋಣಿಸಿದ್ದನ್ನೇ ಚೆನ್ನಾಗಿದೆಯೆಂದರು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಈಗ ಅಪ್ಪಯ್ಯನ ಚಿತ್ರಕ್ಕೆ ಬರುತ್ತೇನೆ. ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದ ಮೇಲೆ ಕುಳಿತವರು. ವಾರಕ್ಕೊಮ್ಮೆ ಸಿಗುತ್ತಿದ್ದ ಬಿಡುವಿನಲ್ಲಿ ಮೈದಾನದಲ್ಲಿ ಕಬಡ್ಡಿ. ನಾನು ಹುಟ್ಟುವ ಮೊದಲೇ ಮೊಣಕಾಲು ಪೆಟ್ಟಾಗಿ ಆಟ ಬಿಟ್ಟಿದ್ದರು. ನಾನು ಬಲ್ಲ ಅಪ್ಪಯ್ಯ ದಾದರಿನ ಸೇತುವೆಯ ಮೆಟ್ಟಿಲುಗಳನ್ನು ನನ್ನ ಭುಜ ಹಿಡಿದು ಒಂದೊಂದಾಗಿ ಇಳಿಯುತ್ತಿದ್ದವರು. ಆರು ವರ್ಷದ ಹಿಂದೆ ತೀರಿಕೊಂಡರು. ಉಳಿದಿರುವ ಚಿತ್ರಗಳೆಲ್ಲ ರೇಷನ್ ಕಾರ್ಡಿನವು, ಬ್ಯಾಂಕಿನವು, ಒಂದು ಮದುವೆಯದು. ಎಲ್ಲದರಲ್ಲಿಯೂ ಸ್ಫುಟವಾಗಿ, ಕದಲದೆ ಇದ್ದಾರೆ. ಓಡುತ್ತಿರುವುದು ಇದೊಂದೇ. 1983ರಲ್ಲಿ ಹೋಟೆಲಿನ ಜತೆಗಾರರೊಬ್ಬರು ತಮ್ಮ ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾದಲ್ಲಿ ತೆಗೆದದ್ದು. ಆ ಪೆಟ್ಟಿಗೆಯಂಥ ಕ್ಯಾಮರಾ ಆಗ ನಮ್ಮವರ ಎಷ್ಟೋ ಮನೆಗಳಲ್ಲಿತ್ತು. ಅದಕ್ಕೆ ಇದ್ದುದು ಒಂದೇ ವೇಗ, ಸುಮಾರು ಐವತ್ತರಲ್ಲಿ ಒಂದು ಪಾಲು.

ಭೂತಗನ್ನಡಿ ಹಿಡಿದು ನೋಡಿದಾಗ ಮೋರ್ಸನ ಕಾಗದ ನೆನಪಾಯಿತು. ಓಡುವವನ ಊರಿದ ಪಾದ ಆ ಗಳಿಗೆಯಲ್ಲಿ ನೆಲದ ಮೇಲೆ ನಿಶ್ಚಲವಾಗಿರುತ್ತದೆ. ಮೈ ಅದರ ಮೇಲಿಂದ ಹಾದುಹೋಗುತ್ತದೆ. ಚಿತ್ರದಲ್ಲಿ ಅಪ್ಪಯ್ಯನ ಎಡಪಾದ ಸ್ಪಷ್ಟವಾಗಿದೆ. ಮಣ್ಣನ್ನು ಕಚ್ಚಿ ಹಿಡಿದ ಬೆರಳುಗಳನ್ನು ಎಣಿಸಬಹುದು. ಹೆಬ್ಬೆರಳು ಹೊರಕ್ಕೆ ವಾಲಿರುವುದು ನನ್ನದರಂತೆಯೇ ಇದೆ. ಅಲ್ಲಿಂದ ಮೇಲಕ್ಕೆ ಹೋದಂತೆಲ್ಲ ಮಸುಕು.

ಪಾದ ಅಚ್ಚಿನಲ್ಲಿ ಐದು ಮಿಲಿಮೀಟರ್. ಅವರದು ಎಂಟನೆಯ ನಂಬರಿನ ಚಪ್ಪಲಿ. ಎಂದರೆ ಪಾದ ಹತ್ತು ಅಂಗುಲ. ಹಾಗಾದರೆ ಚಿತ್ರದ ಒಂದು ಮಿಲಿಮೀಟರಿಗೆ ಎರಡು ಅಂಗುಲ. ಸೊಂಟದ ಬಿಳಿಯ ಪಟ್ಟಿ ಒಂದೂವರೆ ಮಿಲಿಮೀಟರ್ ಎಳೆದುಕೊಂಡಿದೆ: ಮೂರು ಅಂಗುಲ, ಐವತ್ತರಲ್ಲಿ ಒಂದು ಸೆಕೆಂಡಿನಲ್ಲಿ. ಗುಣಿಸಿದರೆ ಸೆಕೆಂಡಿಗೆ ಹನ್ನೆರಡೂವರೆ ಅಡಿ, ಗಂಟೆಗೆ ಹದಿನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ. ನಡುಗೆರೆಗೆ ಚಾಚಿದ ಕೈಯದು ನಾಲ್ಕು ಮಿಲಿಮೀಟರ್. ಅದು ಗಂಟೆಗೆ ಮೂವತ್ತಾರು ಕಿಲೋಮೀಟರ್ ದಾಟುತ್ತದೆ. ಮುಖವೂ ಕಾಣದ ಚಿತ್ರ ಇಷ್ಟನ್ನು ಬರೆದಿಟ್ಟುಕೊಂಡಿತ್ತು.

ಕಾಗದವನ್ನು ಅಮ್ಮನ ಹತ್ತಿರ ಒಯ್ದೆ. ಅವಳು ಲೆಕ್ಕ ನೋಡಲಿಲ್ಲ, ಚಿತ್ರವನ್ನು ತೆಗೆದುಕೊಂಡಳು. ಮೈದಾನದ ಅಂಚಿನಲ್ಲಿ ಆ ದಿನ ಅವಳೂ ಇದ್ದಳಂತೆ. “ಇದ್ ಅಪ್ಪಯ್ಯನೇ ಮಗಾ. ಅವ್ರ್ ಓಡೂದೇ ಹಾಂಗೆ, ಮಂಡೆ ತಗ್ಸ್ಕಂಡ್” ಎಂದಳು. ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಎಂದು ನಾನು ಹೇಳಿದಾಗ ತಲೆಯೆತ್ತಿ ನೋಡಿ ಕೇಳಿದಳು:

“ಅಷ್ಟೇಯಾ? ಅದಕ್ಕಿಂತ ಜೋರ್ ಇತ್ತ್.”